ಮೂರನೇ ಶನಿವಾರದ ಮಾತ್ರೆ

ಕೆರೆಕಟ್ಟೆ
18-10-2006, ಬುಧವಾರ

ಪ್ರೀತಿಯ ಕುಸುಮಾ,

ಹೇಗಿದ್ದೀಯೆ ಮಗಳೇ? ಹಾಸನದ ನೀರು ಒಗ್ಗಿತೋ? ಆ ನರ್ಸ್ ಟ್ರೈನಿಂಗಿನವರು ಹೊಟ್ಟೆಗೆ ಸರಿಯಾಗಿ ಹಾಕುತ್ತಾರೋ, ಇಲ್ಲ ಬರೀ ಪಾಠವೋ? ನನ್ನ ಮಂಡಿ ಹಾಗೇ ಇದೆ, ಅದರ ಸುದ್ದಿ ಬಿಡು.

ನಿನ್ನ ಕೂಸು ಸೌಂದರ್ಯಾಳ ತಲೆನೋವು ಮತ್ತೆ ಶುರುವಾಗಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅದೇ ಬಲಗಡೆ, ಅದೇ ಕಣ್ಣು ಕೆಂಪಾಗಿ ನೀರು ಸುರಿಯುವುದು. ಹತ್ತು ನಿಮಿಷ ಗೋಡೆಗೆ ಹಣೆ ಒತ್ತಿಕೊಂಡು ಕಿರುಚುತ್ತಾಳೆ. ಆಮೇಲೆ ಏನೂ ಆಗದವಳ ಹಾಗೆ ಪುಸ್ತಕ ತೆಗೆಯುತ್ತಾಳೆ, ಓದಲು ಕೂತಳು ಅನ್ನುವಷ್ಟರಲ್ಲಿ ಮತ್ತೆ. ನಿನ್ನೆ ಹದಿನಾಲ್ಕು ಸಲ. ಕಣ್ಣಿನ ದೋಷ ಅಂತ ಕೊಪ್ಪದಲ್ಲಿ ಕನ್ನಡಕ ಹಾಕಿಸಿದ್ದು, ಶಾಲೆ ತಪ್ಪಿಸುವ ನಾಟಕ ಅಂತ ನಾನೇ ಬೈದದ್ದು ಎಲ್ಲ ನೆನಪಾಗುತ್ತದೆ. ಏಳು ವರ್ಷದ ಕೂಸು ಕಣೇ.

ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯ ಡಾಕ್ಟರು, ಮಕ್ಕಳಿಗೆ ಈ ತಲೆನೋವು ಬರುವುದೇ ಅಪರೂಪ, ನಿಲ್ಲಿಸಿದರೆ ಈ ಒಂದು ಮಾತ್ರೆಯೇ ನಿಲ್ಲಿಸಬೇಕು ಅಂತ ಬರೆದುಕೊಟ್ಟಿದ್ದರಲ್ಲ. ಅದನ್ನು ನುಂಗಿದ ಎರಡೇ ದಿನಕ್ಕೆ ನೋವು ನಿಂತಿತ್ತು. ಆ ಒಂದು ತಿಂಗಳು ಅವಳು ಎಷ್ಟು ಮಾತಾಡಿದಳು ಮಾರಾಯ್ತಿ! ಸಾಕು, ಬಾಯಿ ಮುಚ್ಚೇ ಅಂತ ಗದರುತ್ತಿದ್ದೆ. ಈಗ ಗದರೋಣವೆಂದರೆ ಅವಳಿಗೆ ಮಾತೇ ಇಲ್ಲ.

ಅಕ್ಟೋಬರ್ ಏಳರ ಶನಿವಾರ ಅವಳಿಗೆ ವಾಂತಿಯಾಯಿತು. ನಿನಗೆ ಪರೀಕ್ಷೆ ಇತ್ತೆಂದು ಅಳಿಯಂದಿರು ಫೋನಿನಲ್ಲಿ ಅಷ್ಟೇ ಹೇಳಿದ್ದು. ಆದರೆ ಅದು ರಕ್ತ. ಕಾಫಿ ಸೋಸಿದ ಮೇಲೆ ಉಳಿಯುವ ಪುಡಿಯ ಹಾಗೆ ಕಪ್ಪಗೆ. ಎಸ್ಟೇಟಿನಿಂದ ಓಡಿ ಬಂದು ಅವರೇ ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ನಾಲ್ಕು ದಿನ ಗ್ಲೂಕೋಸ್ ಹಾಕಿದರು, ರಕ್ತ ನಿಂತಿತು. ಈ ಮಾತ್ರೆ ಅವಳ ಹೊಟ್ಟೆಗೆ ಆಗುವುದಿಲ್ಲ ಅಂತ ಡಾಕ್ಟರು ಅದನ್ನೇ ನಿಲ್ಲಿಸಿದರು. ಬೇರೆ ಬರೆದುಕೊಟ್ಟದ್ದು ನೋವಿಗೆ ತಟ್ಟುವುದೇ ಇಲ್ಲ. ನನಗಂತೂ ದಿಕ್ಕೇ ತೋಚುತ್ತಿಲ್ಲ.

ನೀನು ಧೈರ್ಯವಾಗಿರು. ದೇವರು ನಿನ್ನನ್ನಾದರೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಸೀತಕ್ಕ

ಮೇಲೆ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ: ಮಾತ್ರೆ ಸಿಗುವ ಮೊದಲೇ ನಾನು ಹನುಮಂತನಿಗೆ ಹೇಳಿಕೊಂಡಿದ್ದೆ, ನೋವು ನಿಂತರೆ ಕೂಸಿನ ಕೈಯಲ್ಲೇ ಐದು ಶನಿವಾರ ಉಪವಾಸ ಮಾಡಿಸುತ್ತೇನೆ ಅಂತ. ನೋವು ನಿಂತಿತು, ಹರಕೆ ತೀರಿಸಲು ಹೊರಟೆ. ಸಂಜೆ ದೀಪ ಹಚ್ಚುವವರೆಗೆ ಬರೀ ನೀರು. ಒಂದು ಹೊತ್ತೂ ತಪ್ಪಿಸಬೇಡ ಅಂತ ನೀನು ಬರೆದಿಟ್ಟಿದ್ದೆಯಲ್ಲ, ಬೆಳಿಗ್ಗೆ, ಮಧ್ಯಾಹ್ನ ಮಾತ್ರೆಯನ್ನೂ ನುಂಗಿಸಿದೆ. 'ಊಟದ ಮೇಲೆ' ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೂ ಕಂಡಿತ್ತು, ದೇವರ ಕೆಲಸಕ್ಕೆ ಏನಾಗುತ್ತದೆ ಅಂದುಕೊಂಡೆ. ಅವಳು ರಕ್ತ ಕಾರಿದ್ದು ಮೂರನೇ ಶನಿವಾರ. "ಉಂಡ ಮೇಲೇ ಕೊಟ್ಟಿದ್ದೀರಲ್ಲಮ್ಮಾ?" ಅಂತ ಡಾಕ್ಟರು ಕೇಳಿದರು. ಅಳಿಯಂದಿರು ಪಕ್ಕದಲ್ಲೇ ಇದ್ದರು. ಹೌದು ಅಂದುಬಿಟ್ಟೆ. ಕೂಸು ನನ್ನ ಮುಖ ನೋಡಿತು. ಶೃಂಗೇರಿಯ ಬೂತಿನಿಂದ ನಿನಗೆ ಎರಡು ಸಲ ಫೋನ್ ಮಾಡಿ, ನಿನ್ನ ದನಿ ಕೇಳಿದೊಡನೆ ಇಟ್ಟುಬಿಟ್ಟೆ. ನನ್ನನ್ನು ಏನು ಬೇಕಾದರೂ ಅನ್ನು, ಮೊದಲು ಡಾಕ್ಟರಿಗೆ ನಿಜ ಹೇಳು. ಆ ಮಾತ್ರೆ ಮತ್ತೆ ಕೊಡಬಹುದೋ ಕೇಳು. ಇವತ್ತು ಬೆಳಿಗ್ಗೆ ಗೋಡೆ ಬಿಟ್ಟು ಬಂದವಳು ಕೇಳಿದಳು: "ಅಜ್ಜಮ್ಮಾ, ಇನ್ನೆರಡು ಶನಿವಾರ ಉಣ್ಣದೆ ಇದ್ರೆ ನೋವು ಹೋಗ್ತದಾ?"