ನಿನ್ನ ಜೀಪಿಗೆ ಹೊಸ ಬ್ಯಾಟರಿ

ಅಕ್ಕ,

ನಿನ್ನ ಜೀಪಿಗೆ ಹೊಸ ಬ್ಯಾಟರಿ ಹಾಕಿಸಿದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಎಷ್ಟು ಬೇಕಾದರೂ ಬೈದುಕೋ. ನೀನಿದ್ದಾಗ ನಾನು ಈ ಮಾತು ಎತ್ತಿದಾಗಲೆಲ್ಲ "ನೂಕೋರು ಇರೋತನಕ ಬ್ಯಾಟರಿ ಯಾತಕ್ಕ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದೆ. ಈಗ ಮುಚ್ಚಿಸುವವರು ಯಾರೂ ಇಲ್ಲ. ಆದರೂ ಯಾರೊಂದಿಗೂ ಮಾತೇ ಬೇಡ ಅನ್ನಿಸುವಷ್ಟು ದಣಿದಿದ್ದೇನೆ. ನಿನ್ನ ಹತ್ತಿರ ಮಾತ್ರ ಆಡಬೇಕು ಅನ್ನಿಸುತ್ತದೆ, ನೋಡು.

ನೀನು ಕಣ್ಣು ಮುಚ್ಚಿದ ಮೇಲೆ ಹೂವಿನ ಗಾಡಿ ನನ್ನ ಕೈಗೆ ಬಂತು. ಬಂತು ಅನ್ನುವುದೇನು, ಬೇರೆ ಯಾರೂ ಅದನ್ನು ಮುಟ್ಟಲಿಲ್ಲ. ಬೆಳಗಾದರೆ ಹೊಲಗಳಿಗೆ ಹೋಗಬೇಕು. ದುರುಗಮ್ಮ ಮತ್ತು ಅವಳ ಜೊತೆಯ ಹೆಂಗಸರು ಬಿಡಿಸಿಟ್ಟ ಮಲ್ಲಿಗೆ ಮೊಗ್ಗನ್ನು ಬುಟ್ಟಿಗೆ ತುಂಬಿಸಿ, ಹಳ್ಳ ದಾಟಿ, ಆ ಹೆಂಗಸರನ್ನು ಅವರ ಊರಿನ ಕ್ರಾಸಿನಲ್ಲಿ ಇಳಿಸಿ, ಹಡಗಲಿ ಬಸ್‌ಸ್ಟ್ಯಾಂಡಿಗೆ ಬಂದು ದಾವಣಗೆರೆ ಬಸ್ಸಿಗೆ ಬುಟ್ಟಿ ಏರಿಸಬೇಕು. ನೀನು ಇದನ್ನೆಲ್ಲ ಆಟದಂತೆ ಮಾಡುತ್ತಿದ್ದೆ. ನನಗೆ ಆ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಹೆಗಲು ಬಿದ್ದುಹೋಗಿದೆ. ಹಳ್ಳದ ಕಲ್ಲುದಾರಿಗೆ ಇಳಿಯುವ ಗಾಡಿ ನಮ್ಮ ಕಡೆ ಇದೊಂದೇ. ಇಲ್ಲದಿದ್ದರೆ ಎಂದೋ ಮಾರಿ, ಕಾಲು ಚಾಚಿ ಮಲಗುತ್ತಿದ್ದೆ.

ಒಂದು ದಿನ ಬಸ್‌ಸ್ಟ್ಯಾಂಡಿನ ಗೇಟಿನಲ್ಲೇ ಇಂಜಿನ್ ನಿಂತುಹೋಯಿತು. ಹೊಲದಲ್ಲಾದರೆ ನೂಕಲು ದುರುಗಮ್ಮನ ಗುಂಪು ಇರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಯಾರಿದ್ದಾರೆ? ಕೀ ತಿರುಗಿಸಿದರೆ ಟಿಕ್ ಅನ್ನುವುದೊಂದೇ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿಕೊಂಡೇ ಕೂತ. ಚಹಾ ಕುಡಿಯುತ್ತಿದ್ದವರು ಕುಡಿಯುತ್ತಲೇ ಇದ್ದರು. ಕೊನೆಗೆ ಯಾರೋ ಹಮಾಲರು ಬಂದು ಜೀಪನ್ನು ಪಕ್ಕಕ್ಕೆ ಸರಿಸುವಷ್ಟರಲ್ಲಿ ನಮ್ಮ ಬಸ್ಸು ಹೋಗಿಬಿಟ್ಟಿತ್ತು. ಬಿಸಿಲೇರಿದಂತೆ ಮೊಗ್ಗೆಲ್ಲ ಬುಟ್ಟಿಯಲ್ಲೇ ಅರಳಿಬಿಟ್ಟಿತು. ಅರಳಿದ ಮಲ್ಲಿಗೆಯನ್ನು ಯಾವ ವ್ಯಾಪಾರಿ ಮುಟ್ಟುತ್ತಾನೆ, ನೀನೇ ಹೇಳು. ಇನ್ನೊಮ್ಮೆ ಹೀಗಾದರೆ ಹೂವನ್ನು ಬೈಕಿನವನ ಕೈಗೆ ಕೊಡುತ್ತೇವೆ ಎಂದು ಹೊಲದವರು ನೇರವಾಗಿ ಹೇಳಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ನನ್ನಲ್ಲಿ ಇರಲಿಲ್ಲ.

ಬ್ಯಾಟರಿ ಕೂರುವ ತಗಡಿನ ತಟ್ಟೆಯನ್ನು ಹೂ ಕಟ್ಟುವ ದಾರದಿಂದ ಅಳೆದೆ. ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು, ಬಾನೆಟ್ಟಿಗೆ ತಾಗದಂತೆ ಎತ್ತರಕ್ಕೊಂದು. ಆ ದಾರ ಹಿಡಿದು ಬಸ್ಸಿನಲ್ಲಿ ಹರಪನಹಳ್ಳಿಗೆ ಹೋದೆ. ಬ್ಯಾಟರಿ ಅಂಗಡಿಯ ಖಾದರ್ ಭಾಯ್ ನಿನಗೆ ಗೊತ್ತಲ್ಲ, ದಾರ ನೋಡಿ ನಕ್ಕರು. ಆದರೆ ಅದನ್ನೇ ಒಂದೊಂದು ಬ್ಯಾಟರಿಯ ಮೇಲೂ ಎಳೆದು ನೋಡಿದರು. ಕಾರಿನ ಬ್ಯಾಟರಿ ತಟ್ಟೆಗೆ ಸಲೀಸಾಗಿ ಕೂರುತ್ತದಂತೆ, ಆದರೆ ಡೀಸೆಲ್ ಇಂಜಿನ್ ಎಬ್ಬಿಸುವ ಕಸುವು ಅದಕ್ಕಿಲ್ಲ. ಟ್ರ್ಯಾಕ್ಟರಿನದಕ್ಕೆ ಕಸುವಿದೆ, ನನ್ನ ಗಂಟಿನಿಂದ ಆಚೆ ಹೋಗುತ್ತದೆ. ಕಸುವೂ ಅಳತೆಯೂ ಹೊಂದುವಂಥದ್ದು ಒಂದು ಸಿಕ್ಕಿತು. ಆಗಾಗ ನೀರು ಹಾಕುವಂಥದ್ದು ಬೇಕೋ, ಸೀಲ್ ಆಗಿರುವಂಥದ್ದು ಬೇಕೋ ಎಂದರು. ನೀನು ಮುಚ್ಚಳ ಬಿಚ್ಚಿ ನೀರು ಹಾಕಲು ಹೋಗಿ ಸೀರೆಯ ಸೆರಗೆಲ್ಲ ತೂತು ಮಾಡಿಕೊಂಡಿದ್ದು ನೆನಪಾಯಿತು. ನನಗೆ ಇನ್ನೊಂದು ಕೆಲಸ ಬೇಡ ಭಾಯ್, ಸೀಲ್ ಆಗಿರುವುದೇ ಇರಲಿ ಎಂದೆ. ಆಗ ಕೇಳಿದರು, "ಪ್ಲಸ್ ಯಾವ ಕಡಿ ಐತಿ?" ನಾನು ನೋಡಿಯೇ ಇರಲಿಲ್ಲ. ಹಳೆ ಗಾಡಿ, ವೈರು ಗಿಡ್ಡ, ಕಡೆ ತಪ್ಪಿದರೆ ಎಟುಕುವುದಿಲ್ಲ, ನೋಡಿಕೊಂಡು ಬರ್ರಿ ಎಂದು ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅಳು ಬರುವಷ್ಟು ಸಾಕಾಗಿತ್ತು. ಪ್ಲಸ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದಕ್ಕೂ ನಾನೇ ಓಡಾಡಬೇಕೇ ಅಕ್ಕ?

ಮತ್ತೊಂದು ದಿನ ಬಸ್ಸಿಗೆ ಬುಟ್ಟಿ ಏರಿಸಿದವಳೇ, ಇಂಜಿನ್ ಆರಿಸದೆ ಜೀಪನ್ನೇ ಹರಪನಹಳ್ಳಿಗೆ ಓಡಿಸಿಕೊಂಡು ಹೋದೆ. ಖಾದರ್ ಭಾಯ್ ಹಳೆಯದಕ್ಕೆ ಮೀಟರಿನ ಚಿಮಟ ಹಚ್ಚಿ ನೋಡಿದರು. ಒಳಗೆ ಒಂದು ಸೆಲ್ ಸತ್ತು ಬಹಳ ಕಾಲವಾಗಿದೆ, ಇದನ್ನಿಟ್ಟುಕೊಂಡು ಹೇಗೆ ಓಡಿಸಿದಿರಿ ಎಂದರು. ನೂಕಿಸಿಕೊಂಡು ಎಂದೆ. ಅವರು ಚಿಮಟ ಕೆಳಗಿಟ್ಟು ಹೇಳಿದರು, "ದೊಡ್ಡಕ್ಕಾರು ಒಮ್ಮಿ ಬಂದಿದ್ರು. ಇದಾ ಅಳತಿದು ತಗದು ಮುಂದ ಇಟ್ಟಿದ್ದೆ. ನೋಡಿ ನೋಡಿ, ಬ್ಯಾಡ ಭಾಯ್, ಇದನ್ನ ಹಾಕ್ಸಿದ್ರ ನನ್ನ ಗಾಡಿ ಖಾಲಿ ಹೋಗ್ತೈತಿ ಅಂದು ಎದ್ದು ಹೋದ್ರು." ಬ್ಯಾಟರಿ ಹಾಕಿದರೆ ಗಾಡಿ ಖಾಲಿಯಾಗುವುದು ಹೇಗೆ? ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಹೊಲದ ದಾರಿಯಲ್ಲಿ ಕುಲುಕಿದರೆ ಒಳಗಿನ ಪ್ಲೇಟು ಒಡೆಯುತ್ತದೆ ಎಂದು ಪಟ್ಟಿ ಬಿಗಿಯಾಗಿ ಕಟ್ಟಿ ಕೊಟ್ಟರು. ಕೀ ತಿರುಗಿಸಿದ್ದೇ ತಡ, ಇಂಜಿನ್ ಎದ್ದಿತು. ಸುಳ್ಳೇಕೆ ಹೇಳಲಿ, ನೀನು ಹೋದ ಮೇಲೆ ಮೊದಲ ಸಲ ಹಾಯೆನಿಸಿತು.

ಮರುದಿನ ಬೆಳಿಗ್ಗೆ ಹೊಲದ ಬದುವಿನಲ್ಲಿ ಕೀ ತಿರುಗಿಸಿ, ಹೆಮ್ಮೆಯಿಂದ "ಹತ್ರಿ" ಎಂದೆ. ಬಾನೆಟ್ ಎತ್ತಿ ಹೊಸ ಬ್ಯಾಟರಿಯನ್ನೂ ತೋರಿಸಿದ್ದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುರುಗಮ್ಮ ಸೊಂಟದ ಸೆರಗು ಬಿಗಿ ಮಾಡಿಕೊಂಡು, ನೀನು ಮುಂದೆ ಹೋಗವ್ವ, ನಾವು ನಡಕೊಂತ ಬರುತ್ತೇವೆ ಎಂದಳು. ದಾರಿಯಲ್ಲಿ ಏನೋ ಕೆಲಸವಿರಬೇಕು ಅಂದುಕೊಂಡೆ. ಮಾರನೆಯ ದಿನವೂ ಅದೇ ಮಾತು, ಆಮೇಲೂ ಅದೇ. ಆ ಬಿಸಿಲಲ್ಲಿ ಅಷ್ಟು ದೂರ, ದುರುಗಮ್ಮನ ಆ ನೋಯುವ ಮೊಣಕಾಲು... ಕನ್ನಡಿಯಲ್ಲಿ ನೋಡಿದರೆ ಹಿಂದೆ ಬುಟ್ಟಿಗಳು ಬಿಟ್ಟು ಯಾರೂ ಇಲ್ಲ. ಆಗ ಹೊಳೆಯಿತು ಅಕ್ಕ, ನೀನು ಹೇಳಿದ ಖಾಲಿ ಯಾವುದು ಅಂತ.

ಮೇಲಿನ ಹೊಲದ ಯಜಮಾನ ಅವರಿಗೆ ಅಂದ ಮಾತು ನೆನಪಿದೆಯಾ? "ರಾಣ್ಯಾರಂಗ ಪುಕ್ಕಟೆ ಜೀಪಿನ್ಯಾಗ ಅಡ್ಡಾಡ್ತೀರಿ, ಮತ್ತ ಕೂಲಿ ಯಾಕ ಇಷ್ಟು?" ಅವತ್ತು ಕೂಲಿ ಮುರಿದೇ ಕೊಟ್ಟ. ಅಲ್ಲಿಂದ ಅವರು ನಿನ್ನ ಜೀಪು ಹತ್ತುವುದನ್ನೇ ಬಿಟ್ಟರು. ಎಷ್ಟು ಕರೆದರೂ ಬರಲಿಲ್ಲ. ಕೆಲವು ದಿನದ ಮೇಲೆ ಬ್ಯಾಟರಿ ಕೈಕೊಟ್ಟಿತು, ನೂಕಲು ನೀನು ಅವರನ್ನೇ ಕೂಗಿದೆ, ನೂಕಿದವರು ಹಾಗೇ ಹತ್ತಿ ಕೂತರು. ನೂಕಿದವರಿಗೆ ಪುಕ್ಕಟೆ ಎಂದು ಯಾರು ಅನ್ನುತ್ತಾರೆ? ಬರುವ ತಿಂಗಳು ಬ್ಯಾಟರಿ ಹಾಕಿಸುತ್ತೇನೆ ಕಣ್ರವ್ವ ಎಂದು ನೀನು ಅವರಿಗೆ ಹೇಳುತ್ತಲೇ ವರ್ಷಗಳನ್ನು ನೂಕಿಸಿದೆ. ಇದನ್ನು ನನಗೊಂದು ಮಾತು ಹೇಳಲು ನಿನಗೇನಾಗಿತ್ತು? ಒಂದೇ ಮನೆಯಲ್ಲಿ ಉಂಡು ಮಲಗಿದವರಲ್ಲವಾ ನಾವು? ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಅಷ್ಟರಲ್ಲಿ ಗುಂಪಿನಲ್ಲಿ ಇಬ್ಬರು ಬರುವುದನ್ನು ನಿಲ್ಲಿಸಿದರು. ಅವರ ಊರಿನ ಪಕ್ಕದಲ್ಲೇ ಮೆಕ್ಕೆಜೋಳದ ಕೆಲಸ ಸಿಕ್ಕಿದೆಯಂತೆ, ಇಷ್ಟು ದೂರ ಯಾಕೆ ನಡೆಯಬೇಕು? ಬಿಡಿಸುವವರಿಲ್ಲದೆ ಮೊಗ್ಗು ಗಿಡದಲ್ಲೇ ಅರಳತೊಡಗಿತು. ಬ್ಯಾಟರಿ ಇದೆ, ಬಸ್ಸೂ ಸಿಗುತ್ತದೆ, ಒಯ್ಯಲು ಹೂವಿಲ್ಲ. ನಿನ್ನೆ ದುರುಗಮ್ಮ ಬುಟ್ಟಿ ಎತ್ತಿಕೊಡುತ್ತ ಹೇಳಿದಳು, "ಮೊಣಕಾಲು ಕೇಳವಲ್ದು ಸಣ್ಣಕ್ಕ. ಈ ವಾರ ಬರ್ತೀನಿ, ಆಮ್ಯಾಲೆ ನಾನೂ ಬಿಡ್ತೀನಿ." ಹಾಗಾದರೆ ಜೀಪು ಹತ್ತು ಎಂದೆ. ಅವಳು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿ ಮಾಡಿದಳು. ದುರುಗಮ್ಮ ಬಿಟ್ಟರೆ ಉಳಿದವರು ಒಬ್ಬರೂ ಬರುವುದಿಲ್ಲ, ಅದು ನಿನಗೂ ಗೊತ್ತು.

ಇವತ್ತು ಬೆಳಿಗ್ಗೆ ಬುಟ್ಟಿಗಳೆಲ್ಲ ಏರಿದ ಮೇಲೆ ಸೀಟಿನಲ್ಲಿ ಕೂತೆ, ಕೀ ಪೂರ್ತಿ ತಿರುಗಿಸಲಿಲ್ಲ. ನಾಟಕ ನನಗೆ ಬರುವುದಿಲ್ಲ. ಹೊಸ ಬ್ಯಾಟರಿಯನ್ನು ಕಣ್ಣಾರೆ ನೋಡಿದವರ ಮುಂದೆ ಹೇಗೆ ಸುಳ್ಳು ಹೇಳುವುದು? ತಲೆ ಎತ್ತದೆ, ಸ್ಟೇರಿಂಗ್ ನೋಡುತ್ತಲೇ ಹೇಳಿದೆ, "ಯಾಕೋ ಏಳವಲ್ದು. ಒಂದೀಟು ನೂಕ್ರೆವ್ವಾ."

ಯಾರೂ ಅಲುಗಲಿಲ್ಲ. ಆಮೇಲೆ ಊಟದ ಡಬ್ಬಿಗಳನ್ನು ಒಂದೊಂದಾಗಿ ಜೀಪಿನೊಳಗೆ ಇಟ್ಟ ಸದ್ದು ಕೇಳಿತು. ಹಿಂದೆ ಕೈಗಳು ಬಿದ್ದು ಗಾಡಿ ಸ್ವಲ್ಪ ಅಲ್ಲಾಡಿತು. ದುರುಗಮ್ಮನ ದನಿ ನನಗೆ ಕೇಳಿಸಲಿ ಎಂದೇ ಬಂತು.

"ಈಕಿಗೂ ಅವರಕ್ಕನಂಗ ಸುಳ್ಳು ಹೇಳಾಕ ಬರಂಗಿಲ್ಲ. ನೂಕ್ರಿ."

ಹಿಂದೆ ಎಲ್ಲರೂ ನಕ್ಕರು. ಗಾಡಿ ಉರುಳಿತು, ಕ್ಲಚ್ ಬಿಟ್ಟೆ, ಇಂಜಿನ್ ಹಿಡಿಯಿತು. ಅವರು ಓಡೋಡಿ ಬಂದು ಹತ್ತಿದರು, ದುರುಗಮ್ಮನನ್ನು ಕೈಹಿಡಿದು ಎಳೆದುಕೊಂಡರು. ಕ್ರಾಸು ಬರುವವರೆಗೆ ನನಗೆ ದಾರಿ ಸರಿಯಾಗಿ ಕಾಣಲಿಲ್ಲ.

ಅವರಿಗೆ ಗೊತ್ತಿತ್ತು ಅಕ್ಕ. ಅಷ್ಟು ವರ್ಷವೂ ಗೊತ್ತಿದ್ದೇ ನೂಕಿದರು.

ನಿನ್ನ ತಂಗಿ