ನಾಲ್ಕನೆಯ ಉದಾಹರಣೆ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ತಮ್ಮಾ,

ಅಮ್ಮನ ಮಂಡಿನೋವು, ಮನೆಗೆ ಹೊಡೆಸಿದ ಬಣ್ಣ, ಇಷ್ಟನ್ನೇ ಬರೆದು ಮುಗಿಸಿದ್ದ ಪತ್ರವನ್ನು ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ. ಆ ದಿನದ ಫೋನಿನ ಮಾತನ್ನು ಈ ಸಲವೂ ಬಿಟ್ಟುಬಿಡುವವಳಿದ್ದೆ. ಮೊದಲು ಹೇಳು, ಹೇಗಿದ್ದೀಯ? ಕೆಮ್ಮು ಹೋಯಿತೇ? ನೀನು ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಆ ಅಂಗಡಿಯಲ್ಲಿ ಗಾಳಿ ಬೆಳಕು ಇದೆಯೇ? ನನ್ನ ಕಾಗುಣಿತ ನೋಡಿ ನಗಬೇಡ. ಇಂಗ್ಲಿಷಿನಲ್ಲಿ ಬರೆದರೆ ಕಚೇರಿಯ ವರದಿಯ ಹಾಗಾಗುತ್ತದೆ, ವರದಿ ಬರೆದದ್ದು ಸಾಕು.

ವಿಮಾನಗಳಿಗೆ ದಾರಿ ಹೇಳುವ ಟವರಿನ ಕೆಲಸದ ಜೊತೆಗೆ ಈಗ ತಿಂಗಳಿಗೊಮ್ಮೆ ಡ್ರೋನ್ ಹಾರಿಸುವವರಿಗೆ ಪಾಠ ಮಾಡುತ್ತೇನೆ, ವಿಮಾನ ನಿಲ್ದಾಣ ಹೇಗೆ ನಡೆಯುತ್ತದೆ ಎಂದು. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ಗಾಳಿ ತಿರುಗಿದರೆ ರನ್‌ವೇಯಲ್ಲಿ ಇಳಿಯುವ ತುದಿಯೂ ಬದಲಾಗುತ್ತದೆ. ಆದ್ದರಿಂದ ಹಾರಿಸುವ ಮುಂಚೆ ಪ್ರತಿಸಲವೂ ಮಾತು ರೆಕಾರ್ಡ್ ಆಗುವ ಟವರಿನ ನಂಬರಿಗೇ ಫೋನ್ ಮಾಡಬೇಕು. ಇದೆಲ್ಲ ನಿನಗೆ ಬಾಯಿಪಾಠ. ಕೊನೆಯಲ್ಲಿ ಐದು ಅಪಘಾತಗಳ ಉದಾಹರಣೆ ಕೊಡುತ್ತೇನೆ. ನಾಲ್ಕನೆಯದು ನಿನ್ನದು. ಹೆಸರಿಲ್ಲ. ಪರದೆಯ ಮೇಲೆ ಒಂದು ನೀರಿನ ಟ್ಯಾಂಕು, ಕೆಳಗೆ ಒಂದು ಸಾಲು: ‘ಈತ ಟವರನ್ನು ಕೇಳಲಿಲ್ಲ.’ ಎರಡು ವರ್ಷದಿಂದ ಅದನ್ನು ಗಟ್ಟಿಯಾಗಿ ಓದುತ್ತಿದ್ದೇನೆ. ಓದುವಾಗ ಹಿಂದಿನ ಬೆಂಚಿನಲ್ಲಿ ನೀನು ಕೈಕಟ್ಟಿ ಕೂತಿರುತ್ತೀಯ. ತಲೆ ಎತ್ತಿದರೆ ಅಲ್ಲಿ ಯಾರದೋ ಚೀಲ.

ಕಳೆದ ವಾರ ಮದುವೆ ಫೋಟೋ ತೆಗೆಯುವವನೊಬ್ಬ ಕೈ ಎತ್ತಿ, “ಮೇಡಂ, ಟವರಲ್ಲಿ ನಮ್ಮವರೇ ಇದ್ರೆ? ಅವರ ಮೊಬೈಲಿಗೇ ಒಂದು ಫೋನ್ ಹಾಕಿದ್ರೆ ಆಗಲ್ವಾ?” ಎಂದ. ತರಗತಿಯೆಲ್ಲ ನಕ್ಕಿತು. ನಾನು ಪರದೆಯ ಮೇಲೆ ಮುಂದಿನ ಚಿತ್ರ ಹಾಕಿದೆ.

ಅವತ್ತು ನೀನು ಮಾಡಿದ್ದೂ ಅದನ್ನೇ ಅಲ್ಲವೇ? ಬೆಳಿಗ್ಗೆ ಹತ್ತು ಇಪ್ಪತ್ತು. ನಾನು ಟವರಿನ ಕೆಳಗಿನ ಕೋಣೆಯಲ್ಲಿ ಟೀ ಕುಡಿಯುತ್ತಿದ್ದೆ. ನೀನು ನನ್ನ ಮೊಬೈಲಿಗೆ ಫೋನ್ ಮಾಡಿ, “ಅಕ್ಕಾ, ಹಾರಿಸ್ಲಾ?” ಎಂದೆ. ನೀನು ರನ್‌ವೇಯ ಪಶ್ಚಿಮದ ತುದಿಯಾಚೆ ನೀರಿನ ಟ್ಯಾಂಕಿನ ಫೋಟೋ ತೆಗೆಯಲು ನಿಂತಿದ್ದೆ. ವಿಮಾನಗಳು ಪೂರ್ವದಿಂದ ಇಳಿಯುತ್ತಿವೆ, ಅರ್ಧ ಗಂಟೆ ಯಾವುದೂ ಏರುವುದಿಲ್ಲ, ಬೇಗ ಮುಗಿಸು ಎಂದು ನಾನೇ ಹೇಳಿದೆ. ನಾನು ಮೆಟ್ಟಿಲಿಳಿದ ಮೇಲೆ ಗಾಳಿ ತಿರುಗಿತ್ತು, ಮೇಲಿದ್ದವರು ಇಳಿಯುವ ತುದಿ ಬದಲಿಸಿದ್ದರು. ಕಿಟಕಿಯಿಂದ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲವನ್ನು ಒಮ್ಮೆ ನೋಡಿದ್ದರೂ ಸಾಕಿತ್ತು. ನೋಡಲಿಲ್ಲ. ವಿಮಾನ ಹಾರಿಸಲು ಕಲಿಯುತ್ತಿದ್ದ ಆ ಹುಡುಗಿ ಪಶ್ಚಿಮದಿಂದಲೇ ಇಳಿದು ಬಂದಳು. ನಿನ್ನ ಡ್ರೋನ್ ತಪ್ಪಿಸಲು ಹೋಗಿ ಹೊಲಕ್ಕೆ ಬಿದ್ದಳು. ಅವಳು ಇವತ್ತಿಗೂ ಊರುಗೋಲಿಲ್ಲದೆ ನಡೆಯಲಾರಳು.

ತನಿಖೆಯಲ್ಲಿ ನೀನು, ಯಾರಿಗೂ ಫೋನ್ ಮಾಡಲಿಲ್ಲ ಎಂದೆ. ನನ್ನ ಮೊಬೈಲನ್ನು ಯಾರೂ ಕೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ನನ್ನ ಮುಖ ನೋಡದೆ, “ಇಬ್ಬರ ಕೆಲಸಾನೂ ಹೋಗೋದು ಬೇಡ. ಅಮ್ಮನ್ನ ನೋಡ್ಕೋ” ಎಂದು ಎದ್ದುಹೋದೆ. ನಾನು ತಡೆಯಬಹುದಿತ್ತು. ಅಮ್ಮನಿಗಾಗಿ ಸುಮ್ಮನಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಲ್ಲಿ ಅಮ್ಮ ಎಷ್ಟು, ನಾನು ಎಷ್ಟು ಎಂದು ಕೇಳಿಕೊಂಡರೆ ಲೆಕ್ಕ ನನ್ನ ಪರವಾಗಿ ಬರುವುದಿಲ್ಲ.

ಅಮ್ಮನಂತೂ ತಿಂಡಿಯ ಹೊತ್ತಿಗೆ ಇವತ್ತಿಗೂ ಅದೇ ಅನ್ನುತ್ತಾಳೆ: “ಅಕ್ಕ ಅಲ್ಲೇ ಇದ್ಲಲ್ಲ, ಒಂದು ಮಾತು ಕೇಳೋಕೆ ಏನಾಗಿತ್ತು ಅವನಿಗೆ?” ನಿನಗೂ ಫೋನಿನಲ್ಲಿ ಹೀಗೇ ಬೈಯುತ್ತಾಳೆಂದು ಗೊತ್ತು. ನೀನು ಹೂಂಗುಡುತ್ತೀಯ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಹತ್ತು ಇಪ್ಪತ್ತಕ್ಕೆ, ನಾನು ಎಲ್ಲಿದ್ದರೂ, ಫೋನು ಅದುರಿದ ಹಾಗಾಗುತ್ತದೆ. ತೆಗೆದು ನೋಡಿದರೆ ಯಾರೂ ಇಲ್ಲ. ಆದರೂ ಒಂದೊಂದು ಸಲ ಕಿವಿಗೆ ಹಿಡಿದು ನಿಲ್ಲುತ್ತೇನೆ.

ಕ್ಷಮಿಸು ಎಂದು ಕೇಳಲು ಇನ್ನೂ ಬಾಯಿ ಬರುತ್ತಿಲ್ಲ. ಮೈ ಹುಷಾರಾಗಿ ನೋಡಿಕೋ, ನಿನಗೆ ಒಳ್ಳೆಯದಾಗಲಿ.

ನಿನ್ನ,
ಅಕ್ಕ

ಅಮ್ಮ ಏಳುವ ಮುಂಚೆ ಇನ್ನೊಂದು ಮಾತು: ಆ ಕರೆಯ ವಿಷಯವನ್ನೆಲ್ಲ ಬರೆದು ತನಿಖೆಯ ಕಚೇರಿಗೆ ನಾಳೆ ಕೈಯಾರೆ ಕೊಡುತ್ತಿದ್ದೇನೆ. ಅಲ್ಲಿಂದ ಬಂದು ಅಮ್ಮನಿಗೂ ಹೇಳುತ್ತೇನೆ. ಮೊದಲೇ ತಿಳಿದರೆ ನೀನು ಫೋನ್ ಮಾಡಿ ಬೇಡ ಅನ್ನುತ್ತೀಯ, ನಾನು ನಿನ್ನ ಮಾತು ಕೇಳಿಬಿಡುತ್ತೇನೆ. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕುವುದು ಬುಧವಾರ, ಮಾರ್ಚ್ ೧೨ಕ್ಕೆ.