ಹನ್ನೆರಡು ಸೆಕೆಂಡಿನ ಗಾಳಿ

ಜೂನ್ 3, ಮಂಗಳವಾರ

ಮೂರು ಪಂಚರ್, ಎರಡು ಚಕ್ರದ ಸೊಟ್ಟ ತೆಗೆದದ್ದು. ಲೆಕ್ಚರರ್ ಸೈಕಲ್ಲಿನ ಚೈನು ಇನ್ನೂ ಬಾಕಿ. ಮೂರನೇ ಸಲ ಬಂದು ಮುಖ ಊದಿಸಿಕೊಂಡು ಹೋದರು.

ಸೇಲ್ಸ್‌ನವನು ಒಂದು ಡಬ್ಬಿ ಸ್ಯಾಂಪಲ್ ಬಿಟ್ಟು ಹೋದ. ಹೆಬ್ಬೆರಳು ಗಾತ್ರದ ಉಕ್ಕಿನ ಗ್ಯಾಸ್ ಸಿಲಿಂಡರ್‌ಗಳು. ಸೋಡಾದಲ್ಲಿರೋ ಗ್ಯಾಸೇ ಅಂತೆ. ದಾರೀಲಿ ಪಂಚರ್ ಆದರೆ ಟ್ಯೂಬ್ ಬದಲಿಸಿ, ಇದರ ತಲೆಗೆ ಸಣ್ಣ ನಳಿಗೆ ತಿರುಗಿಸಿ, ವಾಲ್ವ್‌ಗೆ ಒತ್ತಿದರೆ ಮುಗೀತು. ಟೈರ್ ಕಲ್ಲು. ಒಂದು ಟೈರಿಗೆ ಒಂದು, ಆಮೇಲೆ ಎಸೆಯೋದು.

ಮಗಳು ಕಣ್ಣಾಸ್ಪತ್ರೆ ಡ್ಯೂಟಿ ಮುಗಿಸಿ ಬಂದವಳೇ ಡಬ್ಬಿ ಮೇಲೆ ಕಣ್ಣು ಹಾಕಿದಳು. ಅಂಗಡೀಲಿ ನಾವಿಬ್ಬರೇ.

"ಅಪ್ಪ, ನಂಗೆ ಎರಡು ಇರ್ಲಿ. ಬೈಪಾಸಲ್ಲಿ ನಿಂತ್ಕೊಂಡು ಪಂಪ್ ಹೊಡಿಯೋಕೆ ಭಯ ಆಗುತ್ತೆ."

"ತೋಳಲ್ಲಿ ಕಸುವಿಲ್ಲದೋರ ಸಾಮಾನು ಅದು. ಸೈಕಲ್ ಅಂಗಡಿಯವನ ಮಗಳೇ ಗ್ಯಾಸ್ ಹಿಡ್ಕೊಂಡು ಓಡಾಡಿದ್ರೆ ಜನ ನಗ್ತಾರೆ."

"ನಗ್ಲಿ ಬಿಡಪ್ಪ."

ಕೊಡಲಿಲ್ಲ. ಕೈಪಂಪ್ ನಾನೇ ಅವಳ ಬ್ಯಾಗಿಗೆ ಹಾಕಿದೆ.

ಜೂನ್ 4, ಬುಧವಾರ. ಬೆಳಿಗ್ಗೆ 9.20

ಲೆಕ್ಚರರ್ ಚೈನು ಅಂತೂ ಆಯ್ತು. ಬಂದರೆ ಹಲ್ಲು ಕಿರಿಯಬಹುದು. ಫೋನ್ ಹೊಡ್ಕೊಳ್ತಿದೆ. ಗೊತ್ತಿಲ್ಲದ ನಂಬರ್ —

ಜುಲೈ 8, ಮಂಗಳವಾರ

ಮೂವತ್ನಾಲ್ಕು ದಿನ. ಪುಸ್ತಕ ಇವತ್ತು ತೆಗೆದೆ. ಬಾಯಲ್ಲಿ ಬರೋದಿಲ್ಲ, ಬರೆದುಬಿಡ್ತೀನಿ. ಮಗಳು ಹೋದಳು. ಬೈಪಾಸ್ ತಿರುವಲ್ಲಿ. ಲಾರಿ.

ಪೊಲೀಸ್ ಸ್ಟೇಷನ್ನಿಂದ ಸೈಕಲ್ ತಂದೆ. ಮುಂದಿನ ಚಕ್ರ ಮಡಚಿಹೋಗಿದೆ. ಹಿಂದಿನದು ನೆಟ್ಟಗಿದೆ. ಹೊಸ ಟ್ಯೂಬ್ ಹಾಕಿದ್ದಾಳೆ — ಅಚ್ಚುಕಟ್ಟಾಗಿ, ನಾನು ಹೇಳಿಕೊಟ್ಟ ಹಾಗೇ. ಅರ್ಧ ಗಾಳಿ.

ತಿರುವಿನ ಎದುರಿಗಿರೋ ಗೋದಾಮಿನ ವಾಚ್‌ಮನ್ ಹೇಳಿಕೆಗೆ ಸಹಿ ಹಾಕೋಕೆ ಬಂದಿದ್ದ. ನಾನು ಯಾರು ಅಂತ ಗೊತ್ತಾದ ಮೇಲೆ ಬೆಂಚಲ್ಲಿ ಪಕ್ಕಕ್ಕೆ ಬಂದು ಕೂತ.

"ಪಂಪ್ ಹೊಡೀತಾನೇ ಇದ್ರು ಸರ್. ನಡುನಡುವೆ ನಿಂತು ಕೈ ಒದರಿಕೊಳ್ಳೋರು. ಮತ್ತೆ ಹೊಡಿಯೋರು. ಪಾಪ, ಸಾಕಾಗಿತ್ತು ಅನ್ಸುತ್ತೆ."

"ಎಷ್ಟು ಹೊತ್ತು?"

"ಐದಾರು ನಿಮಿಷ ಆಗಿತ್ತೇನೋ. ಗಾಡಿಗಳು ಮೈಗೆ ಸವರಿಕೊಂಡೇ ಹೋಗ್ತಿದ್ವು. ಈ ಕಡೆ ಬನ್ನಿ ಮೇಡಂ ಅಂತ ಕೂಗೋಣ ಅಂತಿದ್ದೆ..."

ಒಳಗಿಂದ ಸಹಿಗೆ ಕರೆದರು, ಎದ್ದು ಹೋದ.

ಜುಲೈ 12, ಶನಿವಾರ

ಅಂಗಡಿ ಅರ್ಧ ಬಾಗಿಲು ಹಾಕಿಕೊಂಡು ಗಾಳಿ ಹೊಡೆದು ನೋಡಿದೆ. ಅವಳ ಹಿಂದಿನ ಚಕ್ರ, ಅವಳದೇ ಕೈಪಂಪ್. ನನ್ನ ತೋಳಿಗೇ ಇನ್ನೂರ ಎಂಬತ್ತು ಸಲ. ಏಳು ನಿಮಿಷ.

ಗಾಳಿ ಬಿಟ್ಟೆ. ಡಬ್ಬಿಯಿಂದ ಒಂದು ಸಿಲಿಂಡರ್ ತೆಗೆದೆ. ಒತ್ತಿದೆ. ಬುಸ್ ಅಂತು. ಹನ್ನೆರಡು ಸೆಕೆಂಡ್.

ನಂಬಿಕೆ ಬರಲಿಲ್ಲ. ಇನ್ನೊಂದು. ಹನ್ನೊಂದು. ಇನ್ನೊಂದು... ಏಳು ಖಾಲಿ ಮಾಡಿದೆ. ಗ್ಯಾಸ್ ಹೊರಗೆ ಬರುವಾಗ ಉಕ್ಕು ಹಿಮಗಟ್ಟುತ್ತೆ. ಬರಿಗೈಲಿ ಹಿಡಿಬಾರದು ಅಂತ ಡಬ್ಬಿ ಮೇಲೇ ಬರೆದಿದೆ. ಓದಿದ್ದೆ. ಬರಿಗೈಲೇ ಹಿಡಿದೆ. ಅಂಗೈ ಚರ್ಮ ಕಿತ್ತು ಬಂತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಮ್ಮ ನನಗೇ ಹೇಳುತ್ತಿದ್ದ ಮಾತು. ಆಗ ನಗು ಬರ್ತಿತ್ತು.

ಜುಲೈ 14, ಸೋಮವಾರ

"ಕೈಗೇನಾಯ್ತು?" ಅಂದಳು ಹೆಂಡತಿ. ತಿಂಗಳಲ್ಲಿ ಅವಳಾಗಿ ಆಡಿದ ಮೊದಲ ಮಾತು ಇರಬೇಕು.

"ಟೀ ಚೆಲ್ಕೊಂಡೆ."

ಮುಲಾಮು ಹಚ್ಚಿ ಬಟ್ಟೆ ಕಟ್ಟಿದಳು. ನಿಧಾನಕ್ಕೆ, ನೋಯದ ಹಾಗೆ. ಕೈ ಎಳ್ಕೊಂಡುಬಿಡಬೇಕು ಅನ್ನಿಸ್ತು.

ಜುಲೈ 22, ಮಂಗಳವಾರ

ಲೆಕ್ಚರರ್ ಬಂದಿದ್ದರು. ಏನು ಮಾತಾಡೋದು ಗೊತ್ತಾಗದೆ ಡಬ್ಬಿ ಕಡೆ ನೋಡಿ, "ಇದು ಒಳ್ಳೇದಾ?" ಅಂದರು.

ಎಲ್ಲಾ ಹೇಳಿದೆ. ಟೈರಿನೊಳಗೆ ಬೆರಳಾಡಿಸಿ ಮುಳ್ಳು, ಗಾಜು ಮೊದಲು ತೆಗೀಬೇಕು. ಸಿಲಿಂಡರಿಗೆ ಬಟ್ಟೆ ಸುತ್ತಬೇಕು. ಈ ಗ್ಯಾಸ್ ರಬ್ಬರಲ್ಲಿ ಬೇಗ ಸೋರುತ್ತೆ, ಮನೆಗೆ ಬಂದ ಮೇಲೆ ಅದನ್ನ ಬಿಟ್ಟು ಮಾಮೂಲಿ ಗಾಳಿ ಹಾಕ್ಕೊಳ್ಳಿ.

"ನೀವು ಇದನ್ನ ಬೈಯ್ತಿದ್ರಲ್ಲ ಯಜಮಾನ್ರೇ."

ಹೌದು ಅಂದೆ. ಎರಡು ಸಿಲಿಂಡರ್ ಕಾಗದದಲ್ಲಿ ಸುತ್ತಿ ಅವರ ಕೈಗಿಟ್ಟೆ.

ಜುಲೈ 27, ಭಾನುವಾರ

ಇವಳ ಅಕ್ಕ ಬಂದಿದ್ದರು. ನಾನು ರೂಮಲ್ಲಿದ್ದೆ. ಇವಳು ಹೇಳ್ತಿದ್ದದ್ದು ಕೇಳಿಸ್ತು: "ಅವಳ ಸೈಕಲ್ ವಿಷಯದಲ್ಲಿ ಇವರು ಒಂದು ದಿನಾನೂ ಅಸಡ್ಡೆ ಮಾಡಿದೋರಲ್ಲ ಅಕ್ಕ. ವಾರಕ್ಕೊಂದ್ಸಲ ಬಿಚ್ಚಿ ನೋಡೋರು. ಅದೊಂದೇ ಸಮಾಧಾನ."

ಅಕ್ಕ ಹೋದ ಮೇಲೆ ಇವಳು ನಡುಮನೇಲಿ ಬಟ್ಟೆ ಮಡಿಸ್ತಾ ಕೂತಿದ್ದಳು. ಎದುರಿಗೆ ಹೋಗಿ ಕೂತೆ. ಹೇಳಿದೆ. ಮಗಳು ಕೇಳಿದ್ದು, ನಾನು ಅಂದದ್ದು, ಪಂಪ್ ಬ್ಯಾಗಿಗೆ ಹಾಕಿದ್ದು. ಒಂದೂ ಬಿಡಲಿಲ್ಲ.

ಬೈತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕೈಲಿದ್ದ ಟವೆಲ್ ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು.

ಜುಲೈ 30, ಬುಧವಾರ

ಮೂರು ದಿನ ಆಯ್ತು. ಊಟ ಮೇಜಿನ ಮೇಲೆ ಇರುತ್ತೆ. ಅವಳು ಇರೋದಿಲ್ಲ.

ಆಗಸ್ಟ್ 1, ಶುಕ್ರವಾರ. ಮಧ್ಯಾಹ್ನ

ಹನ್ನೊಂದು ಗಂಟೆಗೆ ಅಂಗಡಿಗೆ ಬಂದಳು. ಕೈಲಿ ಬಟ್ಟೆ ಬ್ಯಾಗು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಒಳಗೆ ಬಂದಿದ್ದು ನಾಲ್ಕೋ ಐದೋ ಸಲ.

"ಯಾವುದು ಅದು? ತೋರ್ಸಿ."

ತೋರಿಸಿದೆ.

"ನಾನು ಮಾಡ್ತೀನಿ."

ಒಂದು ಟೈರಿನ ಗಾಳಿ ಬಿಟ್ಟು ಕೊಟ್ಟೆ. ನಳಿಗೆ ಕೂರಿಸಿಕೊಟ್ಟೆ. ಬಟ್ಟೆ ಸುತ್ಕೋ ಅಂದೆ, ತಗೊಳ್ಳಲಿಲ್ಲ. ಒತ್ತಿದಳು. ಬೆರಳು ಬಿಳುಚಿಕೊಳ್ತಾ ಬಂತು. ಬಿಡೇ, ಸುಡುತ್ತೆ ಅಂದೆ. ಟೈರ್ ಗಟ್ಟಿಯಾಗೋ ತನಕ ಬಿಡಲಿಲ್ಲ. ಹೆಬ್ಬೆರಳಲ್ಲಿ ಟೈರ್ ಅದುಮಿ ನೋಡಿದಳು.

"ಇಷ್ಟೇನಾ?"

"ಇಷ್ಟೇ."

ಬ್ಯಾಗ್ ಎತ್ತಿಕೊಂಡಳು. "ಅಕ್ಕನ ಮನೆಗೆ ಹೋಗ್ತಿದೀನಿ."

"ಯಾವಾಗ ಬರ್ತೀಯ?"

"ಕೇಳ್ಬೇಡಿ."

ಬಸ್‌ಸ್ಟಾಪ್ ತನಕ ಬ್ಯಾಗ್ ಹಿಡ್ಕೊಂಡು ಬರ್ತೀನಿ ಅಂದೆ. ಬೇಡ ಅಂದಳು. ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ಫುಟ್‌ಪಾತ್ ಬಿಟ್ಟು ರಸ್ತೇಲೇ ನಡೀತಿದ್ದಳು. ಪಕ್ಕಕ್ಕೆ ಬಾ ಅಂತ ಕೂಗೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಅವಳು ಬಸ್‌ಸ್ಟಾಪ್ ಸೇರಿಬಿಟ್ಟಿದ್ದಳು.